ದ್ವಿತೀಯ ಪಿಯು ಬಯಾಲಜಿ ಓದುತ್ತಿರುವ ಪುಟ್ಟಿಗೆ ದೊಡ್ಡಮ್ಮನ ಪತ್ರ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ನಿನ್ನಮ್ಮ ಫೋನ್ ಮಾಡಿದ್ದಳು. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಬಯಾಲಜಿಗೆ 70ಕ್ಕೆ 38 ಬಂತು ಅಂತ ನೀನು ಊಟ ಮಾಡದೆ ಮಲಗಿದೆಯಂತೆ. ಮೊದಲು ಊಟ ಮಾಡು. ಉತ್ತರಪತ್ರಿಕೆಯ ಫೋಟೋಗಳನ್ನೂ ಕಳಿಸಿದ್ದಳು. ಒಂದೊಂದೇ ಪುಟ ದೊಡ್ಡದು ಮಾಡಿಕೊಂಡು ಪೂರ್ತಿ ಓದಿದೆ, ಮುಗಿಸುವಾಗ ಹನ್ನೊಂದು ಗಂಟೆಯಾಗಿತ್ತು. ಫೋನಿನಲ್ಲಿ ಹೇಳಿದರೆ ನೀನು ಬರೀ ಹೂಂ ಹೂಂ ಅನ್ನುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

‘ಮೂರು ಸಲ ಓದಿದ್ದೆ ದೊಡ್ಡಮ್ಮ, ಆದರೂ ಬರೆಯಲು ಬರಲಿಲ್ಲ’ ಅಂದೆಯಂತೆ. ನಂಬುತ್ತೇನೆ. ನೀನು ಓದಿರುವುದು ಪತ್ರಿಕೆಯಲ್ಲಿ ಕಾಣುತ್ತದೆ. ಆದರೆ ಓದಿದ್ದೆಲ್ಲ ಬಿಡಿಬಿಡಿಯಾಗಿ ಬಿದ್ದಿದೆ. ಮಲೇರಿಯಾದಲ್ಲಿ ಚಳಿ, ಜ್ವರ ಯಾಕೆ ಬಿಟ್ಟು ಬಿಟ್ಟು ಬರುತ್ತದೆ ಅಂತ ಎರಡು ಅಂಕದ ಪ್ರಶ್ನೆ ಇತ್ತು. ನೀನು ‘ಹೆಣ್ಣು ಅನಾಫಿಲಿಸ್ ಸೊಳ್ಳೆ ಕಚ್ಚುವುದರಿಂದ’ ಅಂತ ಬರೆದಿದ್ದೀಯ. ಆ ಮಾತೇನೋ ನಿಜ, ಆದರೆ ಅವರು ಕೇಳಿದ್ದು ಅದಲ್ಲ. ಸೊಳ್ಳೆ ಕಚ್ಚಿದ್ದು ಒಂದು ದಿನ, ಜ್ವರ ಬಂದದ್ದು ಎಷ್ಟೋ ದಿನದ ಮೇಲೆ. ಆ ನಡುವೆ ಒಳಗೆ ಏನು ನಡೆಯಿತು ಅನ್ನುವುದೇ ಪ್ರಶ್ನೆ. ನೀನು ಕಳೆದುಕೊಂಡ 32 ಅಂಕದಲ್ಲಿ ಹೆಚ್ಚಿನವು ಹೋಗಿರುವುದು ಇಂಥ ಕಡೆಯೇ.

ಮೂವತ್ತು ವರ್ಷದ ಮೇಲೆ ಸರ್ಕಾರಿ ಆಸ್ಪತ್ರೆಗಳ ಲ್ಯಾಬಿನಲ್ಲಿ ಕೆಲಸ ಮಾಡಿದವಳು ನಾನು. ನಿನ್ನ ಪುಸ್ತಕದ ಆರೋಗ್ಯ ಮತ್ತು ರೋಗದ ಅಧ್ಯಾಯದಲ್ಲಿರುವ ಪರಾವಲಂಬಿಗಳಲ್ಲಿ ಸುಮಾರನ್ನು ನಾನು ಈ ಕಣ್ಣಿನಿಂದಲೇ ನೋಡಿದ್ದೇನೆ. ಮಲೇರಿಯಾವನ್ನೇ ತಗೋ. ಜ್ವರ ಅಂತ ಬಂದವರ ಬೆರಳ ತುದಿಗೆ ಚುಚ್ಚಿ, ಗಾಜಿನ ಸ್ಲೈಡಿನ ಮೇಲೆ ಒಂದು ಕಡೆ ದಪ್ಪಗೆ, ಇನ್ನೊಂದು ಕಡೆ ತೆಳ್ಳಗೆ ರಕ್ತ ಸವರುತ್ತೇವೆ. ಒಣಗಿಸಿ ಬಣ್ಣ ಹಾಕುತ್ತೇವೆ. ಆಮೇಲೆ ಅದರ ಮೇಲೆ ಒಂದು ಹನಿ ಎಣ್ಣೆ ಬಿಟ್ಟು, ಮೈಕ್ರೋಸ್ಕೋಪಿನ 100 ಪಟ್ಟಿನ ಲೆನ್ಸ್ ಇಳಿಸಿ ನೋಡಿದರೆ, ಕೆಲವು ರಕ್ತಕಣಗಳ ಒಳಗೆ ಒಂದು ಪುಟ್ಟ ನೀಲಿ ಉಂಗುರ ಕಾಣುತ್ತದೆ, ಆ ಉಂಗುರಕ್ಕೆ ಕೆಂಪು ಹರಳು ಕೂರಿಸಿದ ಹಾಗೆ ಒಂದು ಚುಕ್ಕಿ. ಅದೇ ಪ್ಲಾಸ್ಮೋಡಿಯಮ್, ಮಲೇರಿಯಾ ತರುವ ಪರಾವಲಂಬಿ. ಮೊದಲ ಸಲ ಅದನ್ನು ಕಂಡ ದಿನ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

ಈಗ ಆ ಉಂಗುರದ ಹಿಂದೆ ಮುಂದೆ ನಡೆದು ನೋಡು. ಸೊಳ್ಳೆ ಕಚ್ಚುವಾಗ ಅದರ ಎಂಜಲಿನ ಜೊತೆ ಸ್ಪೋರೋಜಾಯಿಟ್, ಅಂದರೆ ಸೋಂಕು ಹತ್ತಿಸುವ ರೂಪದ ಪ್ಲಾಸ್ಮೋಡಿಯಮ್, ಒಳಗೆ ಬಂತು. ನೇರ ಯಕೃತ್ತಿಗೆ ಹೋಯಿತು. ಅಲ್ಲಿ ಸದ್ದಿಲ್ಲದೆ ಹೆಚ್ಚಿತು, ಇನ್ನೂ ಜ್ವರ ಇಲ್ಲ. ಅಲ್ಲಿಂದ ಕೆಂಪು ರಕ್ತಕಣಕ್ಕೆ ನುಗ್ಗಿತು. ಕಣ ಒಡೆಯಿತು. ಒಡೆದಾಗ ಹೀಮೊಜೋಯಿನ್ ಅನ್ನುವ ವಿಷ ರಕ್ತಕ್ಕೆ ಬಿತ್ತು, ಆಗ ನಡುಕ, ಚಳಿ, ಜ್ವರ. ಹೊರಬಂದ ಪರಾವಲಂಬಿಗಳು ಹೊಸ ಕಣಗಳಿಗೆ ನುಗ್ಗಿ, ಅವೂ ಒಡೆಯುವಾಗ ಮತ್ತೆ ಜ್ವರ. ಅದಕ್ಕೇ ಪುಸ್ತಕದಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ಅಂತ ಇರುವುದು. ಈ ದಾರಿ ತಲೆಯಲ್ಲಿದ್ದರೆ ಆ ಎರಡು ಅಂಕ ಎಲ್ಲಿಗೆ ಹೋಗುತ್ತಿತ್ತು ಹೇಳು? ಸೊಳ್ಳೆಯ ಹೊಟ್ಟೆಯಲ್ಲಿ ಏನಾಗುತ್ತದೆ ಅನ್ನುವ ಭಾಗ ಬಾಕಿ ಬಿಟ್ಟಿದ್ದೇನೆ, ಅದನ್ನು ನೀನೇ ಬರೆ. ಈ ಸೊಳ್ಳೆಯ ಭಾಗವನ್ನು ರೊನಾಲ್ಡ್ ರಾಸ್ ಅನ್ನುವ ಬ್ರಿಟಿಷ್ ವೈದ್ಯ ಕಂಡುಹಿಡಿದದ್ದು ನಮ್ಮ ಪಕ್ಕದ ಸಿಕಂದರಾಬಾದಿನಲ್ಲಿ, 1897ರ ಆಗಸ್ಟ್ 20ರಂದು. ಪರೀಕ್ಷೆಗೆ ಆ ದಿನಾಂಕ ಬೇಡ. ಆದರೆ ಪಾಠದ ಒಂದೊಂದು ಸಾಲಿನ ಹಿಂದೆಯೂ ಹೀಗೆ ಯಾರೋ ಒಬ್ಬರು ಸೂಕ್ಷ್ಮದರ್ಶಕದ ಮುಂದೆ ಬೆನ್ನು ಬಗ್ಗಿಸಿ ಕೂತಿದ್ದರು ಅನ್ನುವುದು ನಿನಗೆ ಗೊತ್ತಿರಲಿ ಅಂತ ಹೇಳಿದೆ.

ಪ್ರತಿ ರೋಗವನ್ನೂ ಹೀಗೇ ಓದು. ಯಾರು ಬಂದರು, ಯಾವ ದಾರಿಯಲ್ಲಿ ಬಂದರು, ಎಲ್ಲಿ ಮನೆ ಮಾಡಿದರು, ಅಲ್ಲಿ ಏನು ಕೆಡಿಸಿದರು, ನಾವು ಹೇಗೆ ಪತ್ತೆ ಹಚ್ಚಿದೆವು. ಇಷ್ಟೇ. ನೀನು ಫೈಲೇರಿಯಾದ ಹುಳ ಯಕೃತ್ತಿನಲ್ಲಿ ಇರುತ್ತದೆ ಅಂತ ಬರೆದಿದ್ದೀಯಲ್ಲ, ಮನೆ ತಪ್ಪಿದೆ. ವುಚರೇರಿಯಾ ಅನ್ನುವ ಆ ಹುಳ ಕೂರುವುದು ದುಗ್ಧರಸದ ನಾಳದಲ್ಲಿ, ಅಂದರೆ ಲಿಂಫ್ ನಾಳದಲ್ಲಿ, ಹೆಚ್ಚಾಗಿ ಕಾಲಿನ ಕಡೆ. ನಾಳ ಊದಿಕೊಂಡು ನೀರು ಹರಿಯದೆ ನಿಂತರೆ ಕಾಲು ದಪ್ಪವಾಗುತ್ತದೆ, ಅದಕ್ಕೇ ನಮ್ಮವರು ಆನೆಕಾಲು ಅಂದದ್ದು. ಕರಾವಳಿಯಲ್ಲಿ ಕೆಲಸದಲ್ಲಿದ್ದಾಗ ಇದರ ಸರ್ವೆಗೆ ನಾವು ಹೋಗುತ್ತಿದ್ದುದು ರಾತ್ರಿ. ಜನ ಊಟ ಮುಗಿಸಿ ಮಲಗುವ ಹೊತ್ತಿಗೆ ಟಾರ್ಚ್ ಹಿಡಿದು ಮನೆಮನೆ ಬಾಗಿಲು ತಟ್ಟಿ ಬೆರಳಿನಿಂದ ರಕ್ತ ತೆಗೆಯುತ್ತಿದ್ದೆವು. ಯಾಕೆ ಗೊತ್ತಾ? ಇದರ ಮರಿಹುಳಗಳು ಹಗಲಲ್ಲಿ ದೇಹದ ಒಳಗಿನ ರಕ್ತನಾಳಗಳಲ್ಲಿ ಅಡಗಿರುತ್ತವೆ. ರಾತ್ರಿ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ, ಅದನ್ನು ಹೊತ್ತೊಯ್ಯುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದೂ ರಾತ್ರಿಯೇ. ಇನ್ನು ಮೇಲೆ ಆ ಹುಳದ ಮನೆ ನೀನು ಮರೆಯುವುದಿಲ್ಲ ಅಂದುಕೊಂಡಿದ್ದೇನೆ.

ಎರಡನೇ ಮಾತು ಇಂಗ್ಲಿಷಿನದು. ನೀನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ನಾನೂ ಹಾಗೇ. ನನ್ನ ಪಿಯುಸಿಯಲ್ಲಿ ಒಬ್ಬರು ಉಪನ್ಯಾಸಕರು ಗಂಟೆಪೂರ್ತಿ ನೋಟ್ಸ್ ಬರೆಸುತ್ತಿದ್ದರು, ಬೋರ್ಡಿನ ಮೇಲೆ ಒಂದು ಚಿತ್ರವನ್ನೂ ಹಾಕಿದ್ದು ನೆನಪಿಲ್ಲ. ಅರ್ಥ ಕೇಳಲು ಭಯ. ಇಡೀ ನೋಟ್ಸನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿದೆ. ಪರೀಕ್ಷೆಯಲ್ಲಿ ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರು, ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ, ಬಯಾಲಜಿಯಲ್ಲೇ ಫೇಲಾದೆ. ಆ ಬೇಸಿಗೆಯ ರಜೆಯಲ್ಲಿ ಅಪ್ಪ ಏನೂ ಬೈಯಲಿಲ್ಲ, ಅದೇ ಜಾಸ್ತಿ ನೋವಾಗಿತ್ತು. ಹಾಗಾಗಿ ಹೇಳುತ್ತೇನೆ, ಪಾಠ ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೋ. ನಿನ್ನ ಅಜ್ಜಿಗೆ ಹೇಳು. ಆಸ್ಕರಿಸ್ ಅಂದರೆ ಅಜ್ಜಿಗೆ ಗೊತ್ತಾಗಲ್ಲ, ಜಂತುಹುಳ ಅಂದರೆ ಅವಳೇ ನಿನಗೆ ನಾಲ್ಕು ಮಾತು ಹೇಳುತ್ತಾಳೆ. ರಿಂಗ್‌ವರ್ಮ್ ಅಂದರೆ ಹುಳ ಅಂತ ಎಷ್ಟೋ ಮಕ್ಕಳು ಬರೆಯುತ್ತಾರೆ, ನಮ್ಮ ಕನ್ನಡದ ಹುಳುಕಡ್ಡಿಯಲ್ಲೂ ಹುಳ ಸೇರಿಕೊಂಡಿದೆ. ಆದರೆ ಅದು ಹುಳ ಅಲ್ಲ, ಶಿಲೀಂಧ್ರ. ಬೆವರು, ಬಿಸಿ ಇರುವ ತೊಡೆಸಂದಿ, ಬೆರಳಸಂದಿಯಲ್ಲಿ ಬೆಳೆಯುತ್ತದೆ. ಅರ್ಥ ಗಟ್ಟಿಯಾದ ಮೇಲೆ ಪುಸ್ತಕದ ಇಂಗ್ಲಿಷ್ ಸಾಲನ್ನು ಹಾಗೇ ಎರಡು ಸಲ ಬರೆ. ನಿಮ್ಮದು ಎನ್‌ಸಿಇಆರ್‌ಟಿ ಪುಸ್ತಕ, ಪರೀಕ್ಷೆಯ ಪ್ರಶ್ನೆಗಳು ಅದರ ಸಾಲುಗಳಿಂದಲೇ ಹುಟ್ಟುತ್ತವೆ. ಗೈಡ್ ಮೊದಲು, ಪುಸ್ತಕ ಆಮೇಲೆ ಅಂತ ಮಾಡಬೇಡ.

ವೈಜ್ಞಾನಿಕ ಹೆಸರುಗಳಲ್ಲಿ ನಿನ್ನ ಮೂರು ಅಂಕ ಸುಮ್ನೆ ಹೋಗಿದೆ. ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲ ಹೆಸರಿನ ಮೊದಲ ಅಕ್ಷರ ಮಾತ್ರ ದೊಡ್ಡದು, ಎರಡನೇ ಹೆಸರು ಪೂರ್ತಿ ಸಣ್ಣಕ್ಷರ, ಎರಡಕ್ಕೂ ಬೇರೆ ಬೇರೆ ಅಡಿಗೆರೆ. ದಿನಕ್ಕೆ ಐದು ಹೆಸರು ಬರೆದು ಅಭ್ಯಾಸ ಮಾಡಿದರೆ ಎರಡು ವಾರದಲ್ಲಿ ಮುಗಿಯುತ್ತದೆ.

ಇನ್ನು ಮುಖ್ಯವಾದದ್ದು. ಮೂರು ಸಲ ಓದುವುದನ್ನು ನಿಲ್ಲಿಸು. ಒಂದು ಸಲ ನಿಧಾನವಾಗಿ ಓದು, ಪುಸ್ತಕ ಮುಚ್ಚು, ಒಂದು ಖಾಲಿ ಹಾಳೆ ತಗೊಂಡು ನೆನಪಿದ್ದದ್ದನ್ನೆಲ್ಲ ಬರೆ. ಮೊದಲ ದಿನ ಅರ್ಧ ಹಾಳೆಯೂ ತುಂಬುವುದಿಲ್ಲ, ಅಳು ಬರುತ್ತದೆ, ಪರವಾಗಿಲ್ಲ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸು. ಮೂರು ದಿನ ಬಿಟ್ಟು ಅದೇ ಪಾಠ, ಹೊಸ ಹಾಳೆ. ಆಮೇಲೆ ಒಂದು ವಾರ ಬಿಟ್ಟು, ಆಮೇಲೆ ತಿಂಗಳು ಬಿಟ್ಟು. ಕೆಂಪು ಕಡಿಮೆಯಾಗುತ್ತಾ ಹೋಗುವುದನ್ನು ನೀನೇ ನೋಡುತ್ತೀಯ. ಪುಸ್ತಕ ತೆರೆದಿಟ್ಟುಕೊಂಡು ಓದುವಾಗ ಎಲ್ಲವೂ ಗೊತ್ತಿದೆ ಅನ್ನಿಸುತ್ತದೆ ಪುಟ್ಟಿ, ಯಾಕೆಂದರೆ ಉತ್ತರ ಕಣ್ಣೆದುರೇ ಇರುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಕಣ್ಣೆದುರು ಇರುವುದು ಖಾಲಿ ಹಾಳೆ. ಮನೆಯಲ್ಲೇ ಅದರ ಮುಂದೆ ಕೂತು ರೂಢಿ ಮಾಡಿಕೋ.

ಚಿತ್ರಗಳನ್ನೂ ಹಾಗೇ. ಆಂಟಿಬಾಡಿಯ, ಅಂದರೆ ರೋಗಾಣುವನ್ನು ಹಿಡಿಯಲು ದೇಹ ಮಾಡುವ ಪ್ರೋಟೀನಿನ, ಚಿತ್ರ ಬರೆದಿದ್ದೀಯ, ಚೆನ್ನಾಗಿದೆ, ಆದರೆ ಭಾಗಗಳ ಹೆಸರು ಹಾಕಿಲ್ಲ. ಎರಡು ಉದ್ದ ಸರಪಳಿ, ಎರಡು ಗಿಡ್ಡ ಸರಪಳಿ, ವೈ ಅಕ್ಷರದ ಆಕಾರ, ಮೇಲಿನ ಎರಡು ತುದಿಯಲ್ಲಿ ಆಂಟಿಜೆನ್, ಅಂದರೆ ದೇಹ ಹೊರಗಿನದೆಂದು ಗುರುತಿಸುವ ವಸ್ತು, ಹಿಡಿಯುವ ಜಾಗ. ಗಡಿಯಾರ ಇಟ್ಟುಕೊಂಡು ನಾಲ್ಕು ನಿಮಿಷದಲ್ಲಿ ಮುಗಿಸು. ಪೆನ್ಸಿಲ್, ಒಂದೇ ಬದಿಗೆ ಗೆರೆ, ಹೆಸರು.

ರೋಗನಿರೋಧಕ ಶಕ್ತಿಯ ಭಾಗ ಕಷ್ಟ ಅಂದೆಯಂತೆ. ಅದಕ್ಕೆ ಒಂದು ದಾರಿ ಹೇಳುತ್ತೇನೆ. ಹಾವು ಕಚ್ಚಿದವರಿಗೆ ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್ನಿನಲ್ಲಿ ಸಿದ್ಧವಾದ ಆಂಟಿಬಾಡಿಗಳೇ ಇರುತ್ತವೆ, ದೇಹ ತಯಾರಿಸುವವರೆಗೆ ಕಾಯಲು ಅಲ್ಲಿ ಸಮಯವಿಲ್ಲ. ಯಾರೋ ಮಾಡಿದ ಅಡಿಗೆ ತಂದು ಬಡಿಸಿದ ಹಾಗೆ, ತಕ್ಷಣ ಹೊಟ್ಟೆ ತುಂಬುತ್ತದೆ, ಆದರೆ ಅಡಿಗೆ ಕಲಿತಂತಾಗಲಿಲ್ಲ. ಅದು ಪ್ಯಾಸಿವ್. ಲಸಿಕೆ ಅಂದರೆ ನಮ್ಮ ದೇಹಕ್ಕೇ ಅಡಿಗೆ ಕಲಿಸುವುದು, ನಿಧಾನ, ಆದರೆ ಉಳಿಯುತ್ತದೆ. ಅದು ಆ್ಯಕ್ಟಿವ್. ತಾಯಿಯ ಮೊದಲ ಹಳದಿ ಹಾಲಿನಲ್ಲಿ ಐಜಿಎ ಅನ್ನುವ ಬಗೆಯ ಆಂಟಿಬಾಡಿ ಬರುತ್ತದಲ್ಲ, ಅದು ಯಾವುದು? ನೀನೇ ಹೇಳು. ಡೆಂಗ್ಯೂ ಪರೀಕ್ಷೆ ಮಾಡಿಸಿದ ಯಾರದಾದರೂ ರಿಪೋರ್ಟ್ ಮನೆಯಲ್ಲಿದ್ದರೆ ತೆಗೆದು ನೋಡು. ಐಜಿಎಂ, ಐಜಿಜಿ ಅಂತ ಬರೆದಿರುತ್ತದೆ, ಅವೂ ಆಂಟಿಬಾಡಿಯ ಬಗೆಗಳೇ. ಹೊಸ ಸೋಂಕಿಗೆ ಮೊದಲು ಏಳುವುದು ಐಜಿಎಂ. ನಿನ್ನ ಪುಸ್ತಕದ ಸಣ್ಣ ಅಕ್ಷರ ಅಲ್ಲಿ ಕಾಗದದ ಮೇಲೆ ಕೂತಿರುತ್ತದೆ.

ಇನ್ನೊಂದು ವಿಷಯ, ನಿನ್ನ ಊರಿನದೇ. ಸಾಗರದಿಂದ ಸೊರಬ ಎಷ್ಟು ದೂರ? ಆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲ ಹಳ್ಳಿಗಳ ಜನರಿಗೂ ಜ್ವರ ಹತ್ತಿತು. ಹುಡುಕಿದಾಗ ಹೊಸ ವೈರಸ್ ಸಿಕ್ಕಿತು, ಹರಡುವುದು ಉಣುಗಿನಿಂದ. ಮಂಗನ ಕಾಯಿಲೆ ಅಂತ ನಾವು ಕರೆಯುವ ಆ ರೋಗಕ್ಕೆ ಜಗತ್ತಿನ ವೈದ್ಯರು ಇವತ್ತಿಗೂ ಕ್ಯಾಸನೂರಿನ ಹೆಸರೇ ಹೇಳುತ್ತಾರೆ. ನಿನ್ನ ಪಾಠದಲ್ಲಿ ಇದು ಇಲ್ಲ. ಅದಕ್ಕೇ ಇದನ್ನು ತಗೋ. ನಾನು ಹೇಳಿದ ಐದು ಪ್ರಶ್ನೆಗಳನ್ನು ಈ ಕಾಯಿಲೆಗೆ ಹಾಕಿ ಒಂದು ಪುಟ ನೀನೇ ಬರೆ. ಪುಸ್ತಕದಲ್ಲಿ ಇಲ್ಲದ ರೋಗವನ್ನು ಹೀಗೆ ಬಿಡಿಸಲು ಬಂತೆಂದರೆ ಇರುವ ರೋಗಗಳು ನಿನ್ನನ್ನು ಹೆದರಿಸುವುದಿಲ್ಲ.

ಪುಸ್ತಕಕ್ಕೂ ಆಸ್ಪತ್ರೆಗೂ ಒಂದೊಂದು ಕಡೆ ಅಂತರ ಇರುತ್ತದೆ, ಅದಕ್ಕೆ ಗೊಂದಲ ಮಾಡಿಕೊಳ್ಳಬೇಡ. ಟೈಫಾಯಿಡನ್ನು ವಿಡಾಲ್ ಅನ್ನುವ ರಕ್ತಪರೀಕ್ಷೆಯಿಂದ ಖಚಿತ ಮಾಡಬಹುದು ಅಂತ ಪುಸ್ತಕದಲ್ಲಿದೆ, ಪರೀಕ್ಷೆಯಲ್ಲಿ ಹಾಗೇ ಬರೆ. ಆದರೆ ಹಿಂದೆ ಟೈಫಾಯಿಡ್ ಬಂದುಹೋಗಿದ್ದರೂ, ಬೇರೆ ಜ್ವರ ಇದ್ದರೂ ವಿಡಾಲ್ ಪಾಸಿಟಿವ್ ತೋರಿಸಬಹುದು. ಅದಕ್ಕೇ ನಮ್ಮ ಒಳ್ಳೆಯ ಡಾಕ್ಟರುಗಳು ಒಂದೇ ವಿಡಾಲ್ ನಂಬಿ ಔಷಧಿ ಬರೆಯುತ್ತಿರಲಿಲ್ಲ, ರಕ್ತದಲ್ಲಿರುವ ರೋಗಾಣುವನ್ನೇ ಬೆಳೆಸಿ ನೋಡುವ ಬ್ಲಡ್ ಕಲ್ಚರ್ ಕೇಳುತ್ತಿದ್ದರು. ಇದು ನಿನಗೆ ಮುಂದೆ ಬೇಕಾಗುವ ಮಾತು. ನೀನು ನರ್ಸಿಂಗೋ ಎಂಬಿಬಿಎಸ್ಸೋ ಏನೇ ಮಾಡಿದರೂ.

ನೀಟ್ ಕೋಚಿಂಗ್ ಇಲ್ಲ ಅಂತ ಕೊರಗುತ್ತಿದ್ದೀಯಂತೆ. ನೀಟ್‌ನ 720 ಅಂಕದಲ್ಲಿ 360 ಬಯಾಲಜಿಯದೇ, ಅದಕ್ಕೂ ಇದೇ ಎನ್‌ಸಿಇಆರ್‌ಟಿ ಪುಸ್ತಕವೇ ಬುಡ. ಮೊದಲು ಇದನ್ನು ಗಟ್ಟಿ ಮಾಡು. ಪರೀಕ್ಷಾ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಗಳನ್ನು, ಹಿಂದಿನ ಮೂರು ನಾಲ್ಕು ವರ್ಷದವನ್ನೂ, ಇಳಿಸಿಕೊಂಡು ಭಾನುವಾರ ಬೆಳಿಗ್ಗೆ ಗಡಿಯಾರ ನೋಡಿ ಬರೆ. ಎರಡು ಅಂಕಕ್ಕೆ ಎರಡು ಬಿಂದು, ಐದು ಅಂಕಕ್ಕೆ ಐದು. ನೀನು ಎರಡು ಅಂಕದ ಪ್ರಶ್ನೆಗೆ ಒಂದು ಪುಟ ಬರೆದು, ಕೊನೆಯ ಐದು ಅಂಕದ್ದು ಅರ್ಧಕ್ಕೆ ನಿಲ್ಲಿಸಿದ್ದೀಯ, ಸಮಯ ಹೋದದ್ದು ಎಲ್ಲಿ ಅಂತ ಅಲ್ಲೇ ಕಾಣುತ್ತದೆ. ಪ್ರಾಕ್ಟಿಕಲ್‌ನ 30 ಅಂಕ ಬೇರೆ ಇದೆ, ಅದನ್ನು ಯಾರೂ ಬಿಡಬಾರದು. ಕಾಲೇಜಿನ ಲ್ಯಾಬಿನಲ್ಲಿ ಪ್ಲಾಸ್ಮೋಡಿಯಮ್, ಆಮಶಂಕೆ ತರುವ ಎಂಟಮೀಬಾ ಸ್ಲೈಡ್ ಇದ್ದರೆ ಮೇಡಂ ಹತ್ತಿರ ಕೇಳಿ ಇನ್ನೊಂದು ಸಲ ನೋಡು, ನೋಡಿಕೊಂಡೇ ಚಿತ್ರ ಬರೆ. ಕೇಳಲು ನಾಚಿಕೆ ಬೇಡ.

ರಾತ್ರಿ ಎರಡರವರೆಗೆ ಕೂರುವುದನ್ನು ಬಿಡು. ಹತ್ತೂವರೆಗೆ ಮಲಗು, ಐದೂವರೆಗೆ ಏಳು. ಓದುವಾಗ ಫೋನ್ ಅಮ್ಮನ ಹತ್ತಿರ ಇರಲಿ.

ಬರುವ ಭಾನುವಾರ ಸಂಜೆ ಮಲೇರಿಯಾದ ಪೂರ್ತಿ ಚಕ್ರ, ಸೊಳ್ಳೆಯ ಭಾಗವೂ ಸೇರಿ, ಪುಸ್ತಕ ನೋಡದೆ ಬರೆದು ವಾಟ್ಸಾಪ್ ಮಾಡು. ಕೆಂಪು ಪೆನ್ನಿನ ತಿದ್ದುಪಡಿ ಅಳಿಸಬೇಡ, ಅದನ್ನೂ ನೋಡಬೇಕು ನಾನು. ಅದಾದ ಮೇಲೆ ಫೋನ್ ಮಾಡುತ್ತೇನೆ, ಮುಂದಿನ ವಾರ ಟೈಫಾಯಿಡ್ ಮಾಡೋಣ. ಅಜ್ಜಿಗೆ ನನ್ನ ನಮಸ್ಕಾರ ಹೇಳು.

ನಿನ್ನ
ದೊಡ್ಡಮ್ಮ