ಕಾಗಿಣಾ ಕಣಿವೆ: ವರದಿಯಲ್ಲಿ ಜೀವಿಗಳ ಪಟ್ಟಿಯಿದೆ, ಲೆಕ್ಕವಿಲ್ಲ

ಮಾನ್ಯ ಸಂಪಾದಕರೇ,

ನಮ್ಮ ಕಲಬುರಗಿ ಜಿಲ್ಲೆಯ ಕಾಗಿಣಾ ನದಿ ದಂಡೆಯ ಊರೊಂದರಲ್ಲಿ ಸುಣ್ಣದಕಲ್ಲಿನ ಗಣಿ ವಿಸ್ತರಣೆಗಾಗಿ ನಡೆದ ಪರಿಸರ ಸಾರ್ವಜನಿಕ ಆಲಿಕೆ ಸಭೆಗೆ ನಾನೂ ಹೋಗಿದ್ದೆ. ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತನಾದವನಾದ್ದರಿಂದ ಪರಿಸರ ಪರಿಣಾಮ ಅಂದಾಜು ವರದಿಯ ಕರಡಿನಲ್ಲಿ ಜೀವಿಗಳ ಅಧ್ಯಾಯವನ್ನೇ ಮೊದಲು ಓದಿದೆ. ಗಣಿಯ ದೂಳು ಯಾವ ದಿಕ್ಕಿಗೆ, ಎಷ್ಟು ದೂರ ಹರಡೀತು ಎಂಬುದನ್ನು ಏರ್‌ಮಾಡ್ ಎಂಬ ಕಂಪ್ಯೂಟರ್ ಮಾದರಿಯಿಂದ ಲೆಕ್ಕ ಹಾಕಿ ನಕ್ಷೆ ಬರೆದಿದ್ದ ಅದೇ ವರದಿಯಲ್ಲಿ, ಜೀವಿಗಳ ಬಗ್ಗೆ ಇದ್ದದ್ದು ಬರೀ ಪಟ್ಟಿ: ಬೇವು, ಜಾಲಿ, ಮುತ್ತುಗ, ನವಿಲು, ಗೌಜುಗ, ಮೊಲ, ನರಿ. ಕೊನೆಗೆ ‘ಗಣನೀಯ ಪರಿಣಾಮವಿಲ್ಲ’ ಎಂಬ ಒಂದು ಸಾಲು. ಆ ತೀರ್ಮಾನಕ್ಕೆ ಹೇಗೆ ಬಂದರೆಂಬ ವಿವರ ಎಲ್ಲಿಯೂ ಇರಲಿಲ್ಲ.

ಪಟ್ಟಿ ಏಕೆ ಸಾಲದು ಎಂಬುದಕ್ಕೆ ನಮ್ಮ ನೆಲವೇ ಸಾಕ್ಷಿ. ಗಣಿಯ ಹೊಂಡ ಅಂತರ್ಜಲ ಮಟ್ಟಕ್ಕಿಂತ ಕೆಳಗಿಳಿದರೆ ನೀರನ್ನು ಪಂಪ್ ಹಚ್ಚಿ ಹೊರಹಾಕಲೇಬೇಕು. ಹಾಕಿದಂತೆಲ್ಲ ಸುತ್ತಲಿನ ಅಂತರ್ಜಲ ಹೊಂಡದ ಕಡೆಗೆ ವಾಲುತ್ತದೆ. ಸೇಡಂ, ಚಿತ್ತಾಪುರ, ಶಹಾಬಾದ್ ಭಾಗದ ಸುಣ್ಣದಕಲ್ಲು ಪದರ ಪದರವಾದದ್ದು. ಅದರಲ್ಲಿ ನೀರು ಉಸುಕಿನಲ್ಲಿ ಇಂಗಿದಂತೆ ಸಮನಾಗಿ ಸಾಗದೆ ಪದರಗಳ ಸಂದಿಯಲ್ಲಿ, ಬಿರುಕುಗಳಲ್ಲಿ ಸಾಗುತ್ತದೆ ಎಂಬುದು ನೆಲಕ್ಕೆ ಹಾಸುವ ಪರ್ಸಿ ಕಲ್ಲು ಎಬ್ಬಿಸುವ ಕೂಲಿಕಾರರಿಗೂ ಗೊತ್ತಿರುವ ಮಾತು. ಆದ್ದರಿಂದ ಹತ್ತಿರದ ಬಾವಿಯಲ್ಲಿ ನೀರಿದ್ದು ದೂರದ ಬಾವಿ ಬತ್ತುವುದು ಸಾಧ್ಯ. ಬೇಸಿಗೆಯಲ್ಲಿ ಹಳ್ಳದ ಮಡುಗಳಿಗೆ ನೀರುಣಿಸುವುದೂ ಇದೇ ಅಂತರ್ಜಲ. ಮಡು ಪ್ರತಿವರ್ಷಕ್ಕಿಂತ ಒಂದು ತಿಂಗಳು ಮೊದಲೇ ಬತ್ತಿದರೆ ಮುಂದಿನ ಮಳೆಗೆ ಮೊಟ್ಟೆಯಿಡಬೇಕಾದ ಮೀನುಗಳು ಉಳಿಯುವುದಿಲ್ಲ, ಅವುಗಳನ್ನು ನಂಬಿದ ಕೊಕ್ಕರೆ, ಮಿಂಚುಳ್ಳಿಗಳು ನಿಲ್ಲುವುದಿಲ್ಲ, ನೀರು ಕುಡಿಯಲು ಬರುತ್ತಿದ್ದ ಪ್ರಾಣಿಗಳು ಹೊಲಕ್ಕೂ ಹೆದ್ದಾರಿಗೂ ಇಳಿಯುತ್ತವೆ. ಈ ಕೊಂಡಿಗಳಲ್ಲಿ ಒಂದನ್ನೂ ಪಟ್ಟಿ ತೋರಿಸಲಾರದು.

ಕೊಂಡಿಗಳನ್ನೂ ಲೆಕ್ಕಕ್ಕೆ ಹಿಡಿಯುವ ವಿಧಾನ ಹೊಸದೇನಲ್ಲ. ಹವಾಯಿ ದ್ವೀಪಗಳ ಹವಳದ ದಿಬ್ಬವೊಂದರ ಆಹಾರಜಾಲವನ್ನು ಅಳೆಯಲು 1984ರಲ್ಲಿ ಹುಟ್ಟಿದ ಎಕೋಪಾತ್ ಎಂಬ ಮಾದರಿಯಲ್ಲಿ, ಪಾಚಿಯಿಂದ ಹಿಡಿದು ದೊಡ್ಡ ಮೀನಿನವರೆಗೆ ಯಾವ ಗುಂಪಿನ ಜೀವರಾಶಿ ಎಷ್ಟು, ಯಾವುದು ಯಾವುದನ್ನು ಎಷ್ಟು ತಿನ್ನುತ್ತದೆ ಎಂಬುದನ್ನು ಜಮಾ-ಖರ್ಚಿನ ಪುಸ್ತಕದಂತೆ ಸರಿದೂಗಿಸುತ್ತಾರೆ. ಒಂದು ಗುಂಪು ಕುಗ್ಗಿದರೆ ಉಳಿದವುಗಳ ಗತಿ ಏನಾದೀತೆಂದು ಆ ಲೆಕ್ಕದ ಮೇಲೆ ಕಟ್ಟಿದ ಮುಂದಿನ ಮಾದರಿಗಳು ಹೇಳುತ್ತವೆ. ನದಿ ಕಣಿವೆಯ ಮಳೆ, ಮಣ್ಣು, ಬೆಳೆ, ಹರಿವುಗಳನ್ನು ಒಟ್ಟಿಗೆ ಲೆಕ್ಕ ಹಾಕುವ ಸ್ವಾಟ್, ಅಂತರ್ಜಲದ ಚಲನೆಗೆ ಮಾಡ್‌ಫ್ಲೋ ಇವೆ. ಎರಡೂ ಅಮೆರಿಕದ ಸರ್ಕಾರಿ ಸಂಸ್ಥೆಗಳಲ್ಲಿ ತಯಾರಾಗಿ ಉಚಿತವಾಗಿ ಸಿಗುವ ತಂತ್ರಾಂಶಗಳು.

ಮಾದರಿ ಭವಿಷ್ಯವಾಣಿಯಲ್ಲ ಎಂಬುದನ್ನೂ ಒಪ್ಪಬೇಕು. ಹಳೆಯ ಕೆಲವು ವರ್ಷಗಳ ಅಳತೆಗೆ ಅದನ್ನು ಹೊಂದಿಸಿ, ಹೊಂದಿಸಲು ಬಳಸದ ಬೇರೆ ವರ್ಷಗಳ ಅಳತೆಯ ಎದುರು ಪರೀಕ್ಷಿಸಿದ ಮೇಲೆಯೇ ಅದರ ಮಾತಿಗೆ ಬೆಲೆ. ಉತ್ತರವೂ ಒಂದೇ ಅಂಕಿಯಾಗಿರಬಾರದು. ಮಳೆ ಚೆನ್ನಾದ ವರ್ಷ ಹೀಗೆ, ಬರಗಾಲದಲ್ಲಿ ಹೀಗೆ ಎಂದು ವ್ಯಾಪ್ತಿಯಾಗಿ ಬರಬೇಕು. ವರದಿ ಬರೆಯುವ ಸಲಹೆಗಾರರಿಗೆ ಹಣ ಕೊಡುವುದು ಯೋಜನೆಯ ಕಂಪನಿಯೇ ಆಗಿರುವಾಗ, ಮಾದರಿಗೆ ಊಡಿಸಿದ ಪ್ರತಿ ಅಂಕಿಯೂ ಬಹಿರಂಗವಾಗಿರಬೇಕೆಂದು ಕೇಳುವುದು ಅನುಮಾನದ ಮಾತಲ್ಲ, ವಿಜ್ಞಾನದ ಸಾಮಾನ್ಯ ಶಿಸ್ತು.

2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯಡಿ ಗಣಿಗಳ ವರದಿಗೆ ಸಾಮಾನ್ಯವಾಗಿ ಹತ್ತು ಕಿಲೋಮೀಟರ್ ತ್ರಿಜ್ಯದ ವೃತ್ತವನ್ನೂ, ಮಳೆಗಾಲ ಬಿಟ್ಟು ಒಂದೇ ಋತುವಿನ ಮಾಹಿತಿಯನ್ನೂ ಆಧಾರವಾಗಿ ಹಿಡಿಯುತ್ತಾರೆ. ನಮ್ಮ ಕಡೆ ಕಪ್ಪೆ, ಮೀನು, ಕೀಟಗಳ ಸಂತಾನೋತ್ಪತ್ತಿ ನಡೆಯುವುದೇ ಮಳೆಗಾಲದಲ್ಲಿ. ಆ ತಿಂಗಳುಗಳನ್ನು ಬಿಟ್ಟು ಎಣಿಸಿದರೆ ಜೀವಿಗಳು ಕಡಿಮೆ ಕಾಣದೆ ಇನ್ನೇನಾದೀತು? ನೀರಿಗೂ ವೃತ್ತದ ಗೆರೆ ಗೊತ್ತಿಲ್ಲ. ಕಾಗಿಣಾ ತೆಲಂಗಾಣದ ತಾಂಡೂರು ಕಡೆಯಿಂದ ಬಂದು, ಬೆಣ್ಣೆತೊರೆಯನ್ನು ಕೂಡಿಸಿಕೊಂಡು ಭೀಮೆಯನ್ನು ಸೇರುತ್ತದೆ. ಗಡಿಯ ಆಚೆಗೂ ಈಚೆಗೂ ಸುಣ್ಣದಕಲ್ಲಿನ ಗಣಿಗಳಿವೆ, ಸಿಮೆಂಟ್ ಕಾರ್ಖಾನೆಗಳಿವೆ. ಒಂದೊಂದನ್ನೇ ಬಿಡಿಯಾಗಿ ತೂಗಿ ಪ್ರತಿಯೊಂದಕ್ಕೂ ‘ಪರಿಣಾಮ ಅಲ್ಪ’ ಎಂದು ಬರೆದರೂ, ಆ ಅಲ್ಪಗಳ ಮೊತ್ತವನ್ನು ಹೊರಬೇಕಾದದ್ದು ಒಂದೇ ನದಿ. 2019ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಕಲಬುರಗಿ ತೊಗರಿಯ ಎಲೆ, ಹೂವಿನ ಮೇಲೆ ಕೂರುವ ದೂಳು, ಅಲ್ಲಿಗೆ ಬರುವ ಜೇನ್ನೊಣ, ಕೈಗೆ ಬರುವ ಕಾಳು ಇವುಗಳ ಸಂಬಂಧವೂ ಅದೇ ಲೆಕ್ಕದೊಳಗೆ ಬರಬೇಕಾದದ್ದು.

ಆದ್ದರಿಂದ ಕಾಗಿಣಾ ಕಣಿವೆಗೆ ಒಂದೇ ಸಮಗ್ರ ಮಾದರಿ ಕಟ್ಟಿಸಬೇಕು. ಅದಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಹಣ ಒದಗಿಸಬಹುದು. ಗುಲಬರ್ಗಾ ವಿಶ್ವವಿದ್ಯಾಲಯ ಮತ್ತು ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಗಳ ಅಧ್ಯಾಪಕರು, ವಿದ್ಯಾರ್ಥಿಗಳು ಹಳ್ಳ, ಬಾವಿ, ಮಡುಗಳಲ್ಲಿ ವರ್ಷದ ಹನ್ನೆರಡು ತಿಂಗಳೂ ಅಳತೆ ಮಾಡಬಹುದು. ಹೊಸ ಯೋಜನೆ ತರುವವರು ತಮ್ಮ ಗಣಿಯನ್ನು ಆ ಮಾದರಿಯೊಳಗೆ ಇಟ್ಟು, ಈಗಾಗಲೇ ಇರುವ ಗಣಿಗಳ ಜೊತೆಗೆ ಸೇರಿಸಿ ಪರಿಣಾಮ ತೋರಿಸಲಿ. ಚಿಂಚೋಳಿ ವನ್ಯಜೀವಿಧಾಮದಂತಹ ಒಣಕಾಡನ್ನು ಉಳಿಸಿಕೊಂಡಿರುವ ಜಿಲ್ಲೆಗೆ ಇದು ಹೆಚ್ಚಿನ ಬೇಡಿಕೆಯಲ್ಲ.

ಅನುಮತಿ ಪಡೆದವರು ಪ್ರತಿವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಅನುಮತಿಯ ಷರತ್ತುಗಳನ್ನು ಪಾಲಿಸಿದ ಬಗ್ಗೆ ಅರ್ಧವಾರ್ಷಿಕ ಅನುಪಾಲನಾ ವರದಿ ಸಲ್ಲಿಸಬೇಕೆಂಬ ನಿಯಮ ಈಗಲೇ ಇದೆ. ಆ ವರದಿಯಲ್ಲಿ, ಮಾದರಿ ಮೊದಲು ಹೇಳಿದ್ದ ನೀರಿನ ಮಟ್ಟ ಮತ್ತು ಈಗ ಅಳೆದ ಮಟ್ಟವನ್ನು ಅಕ್ಕಪಕ್ಕ ಕನ್ನಡದಲ್ಲಿ ಬರೆದು, ಬಾಧಿತ ಗ್ರಾಮ ಪಂಚಾಯಿತಿಗಳ ಸೂಚನಾ ಫಲಕದಲ್ಲಿ ಹಚ್ಚುವಂತೆ ಜಿಲ್ಲಾಡಳಿತ ಆದೇಶಿಸಬೇಕೆಂದು ಕೋರುತ್ತೇನೆ.

— ನಿವೃತ್ತ ಉಪನ್ಯಾಸಕ, ಸೇಡಂ, ಕಲಬುರಗಿ ಜಿಲ್ಲೆ