ಬ್ಯಾಂಕಾಕಿನ ರಾಜಕೀಯ ಚರ್ಚೆ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಥಾಯ್ ಜನಕ್ಕೆ ರಾಜಕೀಯ ಬೇಕೋ ಬೇಡವೋ ಅಂತ ನಿನ್ನೆಯಿಂದ ನಮ್ಮ ಈ ಗುಂಪಲ್ಲಿ ನಡೀತಿರೋ ಚರ್ಚೆ ಬಗ್ಗೆ ಎರಡು ಮಾತು.

"ಥಾಯ್ ಜನಕ್ಕೆ ರಾಜಕೀಯ ಬೇಕಿಲ್ಲ, ಊಟ, ನಗು ಇದ್ರೆ ಸಾಕು" ಅಂತ ಹೊರಗಿಂದ ಬಂದ ನಾವು ಸಲೀಸಾಗಿ ಹೇಳಿಬಿಡ್ತೀವಿ. ಅದು ನಿಜ ಅಲ್ಲ. 2010ರಲ್ಲಿ ಬ್ಯಾಂಕಾಕಿನ ರಾಚಪ್ರಸೋಂಗ್ ಸರ್ಕಲ್‌ನಲ್ಲಿ ಹೊಸ ಚುನಾವಣೆ ಬೇಕು ಅಂತ ವಾರಗಟ್ಟಲೆ ಕೂತ ಕೆಂಪಂಗಿ ಚಳವಳಿಯವರಲ್ಲಿ ಬಹಳಷ್ಟು ಜನ ಇಸಾನ್ (ಈಶಾನ್ಯ ಭಾಗ) ಮತ್ತು ಉತ್ತರದ ಹಳ್ಳಿಯವರು. ಆ ಏಪ್ರಿಲ್-ಮೇ ಗಲಭೆಯಲ್ಲಿ 90ಕ್ಕೂ ಹೆಚ್ಚು ಜನ ಸತ್ತರು. 2023ರ ಚುನಾವಣೆಯಲ್ಲಿ ಮೊದಲ ಸ್ಥಾನಕ್ಕೆ ಬಂದ ಮೂವ್ ಫಾರ್ವರ್ಡ್ ಪಕ್ಷಕ್ಕೆ ಸರ್ಕಾರ ಮಾಡೋಕಾಗಲಿಲ್ಲ, ಮರುವರ್ಷ ಕೋರ್ಟು ಪಕ್ಷವನ್ನೇ ವಿಸರ್ಜಿಸಿತು. ಬೀದಿಯಲ್ಲಿ ಸೋಮ್ ಟಮ್ (ಪರಂಗಿಕಾಯಿ ಸಲಾಡ್) ಕುಟ್ಟೋ ಅಕ್ಕ ನಿಮ್ಮೆದುರು ಸುಮ್ಮನಿದ್ದಾಳೆ ಅಂದ್ರೆ ಆಕೆಗೆ ಅಭಿಪ್ರಾಯ ಇಲ್ಲ ಅಂತಲ್ಲ. ಗಾಡಿ ನಾಳೆಯೂ ಅಲ್ಲೇ ನಿಲ್ಲಬೇಕು, ಗಿರಾಕಿ ಯಾವ ರಾಜಕೀಯ ಬಣ್ಣದವರೋ!

ಹಾಗಂತ ದಿನಾ ಗಲಾಟೆ ಅನ್ನೋದೂ ಸುಳ್ಳು. 2014ರ ಮೇ 22ರ ಸೇನಾ ದಂಗೆಯ ಬೆನ್ನಿಗೇ ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಕರ್ಫ್ಯೂ. ಬೆಳಗಾದ್ರೆ ಜನ ಆಫೀಸಿಗೆ. ಊರಲ್ಲಿರೋ ಅಮ್ಮಂದಿರಿಗೆ ಇದನ್ನ ನಂಬಿಸೋದೇ ಕಷ್ಟ.

ಈಗ ಮುಖ್ಯ ವಿಷಯ. ರಾಜಮನೆತನದ ಬಗ್ಗೆ ಜೋಕು, ಮೀಮು, ಫಾರ್ವರ್ಡು ಯಾವುದೂ ಇಲ್ಲಿ ಬೇಡ. ರಾಜಮನೆತನದ ಅವಮಾನಕ್ಕೆ ಥಾಯ್ ದಂಡಸಂಹಿತೆಯ 112ನೇ ವಿಧಿಯಡಿ ಒಂದೊಂದು ಆರೋಪಕ್ಕೂ 3ರಿಂದ 15 ವರ್ಷ ಜೈಲು, ವಿದೇಶಿಯರಿಗೂ ಅನ್ವಯ. ಕನ್ನಡದಲ್ಲಿದೆ, ಯಾರಿಗೆ ತಿಳಿಯುತ್ತೆ ಅನ್ನಬೇಡಿ. ಸ್ಕ್ರೀನ್‌ಶಾಟ್ ಅನುವಾದ ಆಗೋಕೆ ಎಷ್ಟು ಹೊತ್ತು? ಪ್ರತಿಭಟನೆ ಎಲ್ಲಿದೆ, ಯಾವ ಬಿಟಿಎಸ್ (ಮೇಲ್ಸೇತುವೆ ರೈಲು) ನಿಲ್ದಾಣ ಮುಚ್ಚಿದೆ ಅನ್ನೋದನ್ನ ಧಾರಾಳವಾಗಿ ಹಾಕಿ, ಸಮಯ ಸಮೇತ. ಹಳೇ ವಿಡಿಯೋನ ಇವತ್ತಿನದು ಅಂತ ಹಾಕಿದವರು ದಯವಿಟ್ಟು ಸಂಜೆಯೊಳಗೆ ಅಳಿಸಿ.