ಭಾನುವಾರದ ಚರ್ಚೆಗೆ ಮೊದಲು ಇದನ್ನು ಓದಿಕೊಂಡು ಬನ್ನಿ

ಗೆಳೆಯರೇ, ಈ ಭಾನುವಾರ ಸಂಜೆ 6ಕ್ಕೆ ನಮ್ಮ ವಿಷಯ: ಅತಿವೇಗದ ರೈಲು ಮಾರ್ಗವನ್ನು ಕಡಿಮೆ ಖರ್ಚಿನಲ್ಲಿ ಹಾಕುವುದು ಹೇಗೆ? ಫ್ರಾನ್ಸಿನ ಪ್ಯಾರಿಸ್–ಲಿಯಾನ್ ಮಾರ್ಗವನ್ನೇ ತೆಗೆದುಕೊಳ್ಳೋಣ. ಮೊದಲ ಭಾಗ 1981ರಲ್ಲಿ, ಉಳಿದದ್ದು 1983ರಲ್ಲಿ ಸಂಚಾರಕ್ಕೆ ತೆರೆಯಿತು.

ದಾರಿಯಲ್ಲಿ ಗುಡ್ಡಗಳಿವೆ, ಆದರೂ ಹೊಸ ಮಾರ್ಗದಲ್ಲಿ ಒಂದೇ ಒಂದು ಸುರಂಗವಿಲ್ಲ! ಇಲ್ಲಿ ಭಾರದ ಮಾಮೂಲಿ ಗೂಡ್ಸ್ ಗಾಡಿ ಬೇಡ ಎಂದು ಮೊದಲೇ ತೀರ್ಮಾನಿಸಿದರು. ಹಾಗಾಗಿ ಸಾವಿರ ಮೀಟರಿಗೆ 35 ಮೀಟರಿನಷ್ಟು ಕಡಿದಾದ ಏರು ಇಡಲು ಆಯಿತು. ಗಂಟೆಗೆ 260 ಕಿ.ಮೀ. ವೇಗದ ರೈಲಿಗೆ ಅದರ ಓಟವೇ ದಿಣ್ಣೆ ಹತ್ತಲು ನೆರವಾಗುತ್ತದೆ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿ ನೋಡಿ, ಆ ಓಟದಲ್ಲೇ ಸುಮಾರು 265 ಮೀಟರ್ ಎತ್ತರ ಏರುವ ಶಕ್ತಿ ಇದೆ. ನನಗೆ ತುಂಬಾ ಇಷ್ಟವಾದ ಲೆಕ್ಕ ಇದು.

ತಿರುವಿನಲ್ಲಿ ಮಾತ್ರ ಜಿಪುಣತನ ಮಾಡಲಿಲ್ಲ. ತ್ರಿಜ್ಯ ಸಾಮಾನ್ಯವಾಗಿ 4,000 ಮೀಟರ್ ಅಥವಾ ಇನ್ನೂ ಜಾಸ್ತಿ. ಅದು ಸರಿ ಅಲ್ವಾ? ಬಿಗಿ ತಿರುವನ್ನು ಆಮೇಲೆ ಸಡಿಲಿಸುವುದು ಬಹಳ ಕಷ್ಟ.

ನಡುವೆ ಹೊಸ ನಿಲ್ದಾಣ ಎರಡೇ. ಪ್ಯಾರಿಸ್ ಊರೊಳಗೆ ಹಳೆಯ ಹಳಿಗಳನ್ನೇ ಬಳಸಿದರು, ಗೇಜ್ (ಎರಡು ಹಳಿಗಳ ನಡುವಿನ ಅಂತರ) ಒಂದೇ ಇತ್ತಲ್ಲ. ನಮ್ಮ 508 ಕಿ.ಮೀ. ಉದ್ದದ ಮುಂಬೈ–ಅಹಮದಾಬಾದ್ ಬುಲೆಟ್ ರೈಲು ಮಾರ್ಗಕ್ಕೆ ಆ ಅನುಕೂಲವಿಲ್ಲ. ಅದು ಸ್ಟ್ಯಾಂಡರ್ಡ್ ಗೇಜ್, ನಮ್ಮ ಹಳೆಯ ಹಳಿಗಳು ಬ್ರಾಡ್ ಗೇಜ್. ಬಹುಪಾಲು ದಾರಿ ಕಂಬಗಳ ಮೇಲೆಯೇ ಹೋಗುತ್ತದೆ.

ಆ ಕಂಬಗಳ ಖರ್ಚು ಸರಿಯೇ, ಮಣ್ಣಿನ ಏರಿ ಸಾಕಿತ್ತೇ? ಜಮೀನು, ಮಳೆನೀರು, ದನಕರು ದಾಟುವ ದಾರಿ ಎಲ್ಲವನ್ನೂ ಯೋಚಿಸಿ ಬನ್ನಿ. ಪೆನ್ಸಿಲ್, ಕಾಗದ ಹತ್ತಿರ ಇರಲಿ.